ಗುಜರಿಗೆ ಹಾಕೋ ಮುಂಚೆ ಆರ್.ಸಿ. ತೆಗೆದು ನೋಡ್ರಿ

ರಾಣೆಬೆನ್ನೂರಿನ ಓದುಗರೊಬ್ಬರು ಬರೆದಿದ್ದಾರೆ: "ನಮ್ಮ ಮಾವನೋರು ತಗೊಂಡಿದ್ದ ಮಾರುತಿ 800 ಹಿತ್ತಲದಾಗ ನಿಂತು ಮೂರು ವರ್ಷಾತು. ಮಾವನೋರು ಈಗಿಲ್ಲ. ಗುಜರಿಯವ್ರು ತೂಕದ ಲೆಕ್ಕದಾಗ ಕೇಳಾಕತ್ತಾರ. ಬ್ಯಾಡಗಿ ಗ್ಯಾರೇಜಿನವ್ರು 'ಇದು ಈಗ ಸಿಗಂಗಿಲ್ರೀ, ಕೊಡಬ್ಯಾಡ್ರಿ' ಅಂತಾರ. ಮಗ ಹೊಸ ಬಣ್ಣ ಹೊಡಸಿ ಅಲಾಯ್ ವೀಲ್ ಹಾಕಸೂಣು ಅಂತಾನ. ಆರ್.ಸಿ.ಯೊಳಗ 1985 ಅಂತೈತಿ. ಏನ್ ಮಾಡೂದ್ರಿ?"

ಅಕ್ಕಾರೆ, ಗುಜರಿಯವರಿಗೆ ಸ್ವಲ್ಪ ತಡೀರಿ ಅನ್ರಿ. ಮಗನಿಗೂ ಅದನ್ನೇ ಹೇಳ್ರಿ. ಆ 1985 ಅನ್ನೋ ಇಸವಿಯಲ್ಲೇ ವಿಷಯ ಇದೆ.

ಮಾರುತಿ 800 ಅಪರೂಪ ಅಂದರೆ ಯಾರಾದರೂ ನಗಬಹುದು. 1983ರ ಡಿಸೆಂಬರ್ 14ರಂದು ಇಂದಿರಾ ಗಾಂಧಿಯವರು ದೆಹಲಿಯ ಹರ್ಪಾಲ್ ಸಿಂಗ್ ಅವರಿಗೆ ಮೊದಲ ಕಾರಿನ ಕೀಲಿಕೈ ಕೊಟ್ಟರು. 2014ರ ಜನವರಿಯಲ್ಲಿ ತಯಾರಿಕೆ ನಿಂತಿತು. ಅಷ್ಟರೊಳಗೆ ನಮ್ಮ ದೇಶದಲ್ಲೇ 25 ಲಕ್ಷಕ್ಕೂ ಹೆಚ್ಚು ಮಾರಾಟವಾಗಿದ್ದವು. ಆದರೆ ಅವೆಲ್ಲ ಒಂದೇ ಕಾರಲ್ಲ. ಹೆಸರು ಒಂದೇ ಇಟ್ಟುಕೊಂಡು ಒಳಗೂ ಹೊರಗೂ ಬದಲಾಗುತ್ತಾ ಬಂದವು.

ಮೊದಲು ಬಂದದ್ದು ಜಪಾನಿನ ಸುಜುಕಿ ಫ್ರಾಂಟೆಯನ್ನೇ ಹೋಲುವ ಎಸ್‌ಎಸ್80. ಡಬ್ಬಿಯಂಥ ಚೌಕ ಆಕಾರ. 1986ರಲ್ಲಿ ಆಕಾರವೇ ಬದಲಾಗಿ, ನಾವೆಲ್ಲ ಇಷ್ಟು ವರ್ಷ ನೋಡಿದ ಮಾರುತಿ ಬಂತು. ಅಂದರೆ ಹಳೇ ಡಬ್ಬಿ ಬಂದದ್ದು ಎರಡು-ಮೂರು ವರ್ಷ ಮಾತ್ರ. ಮೊದಮೊದಲಿನವಕ್ಕೆ ಬಿಡಿಭಾಗಗಳು ಜಪಾನಿನಿಂದಲೇ ಬಂದು ಇಲ್ಲಿ ಜೋಡಣೆಯಾಗುತ್ತಿದ್ದವು. ನಿಮ್ಮ ಮಾವನವರದು ಇದೇ ಇರಬೇಕು.

ಕಡಿಮೆ ತಯಾರಾಗಿದ್ದು ಒಂದು ಕಾರಣ ಅಷ್ಟೇ. ಎರಡನೆಯದು, ಉಳಿದದ್ದು ಕಡಿಮೆ. ಎಂಜಿನ್ ಆಮೇಲಿನ ಮಾರುತಿಗೂ ಅದೇ 796 ಸಿಸಿ, ಮೂರು ಸಿಲಿಂಡರಿನದು. ಹಾಗಾಗಿ ಅದರ ಸಾಮಾನು ಹೆಂಗೋ ಹೊಂದುತ್ತದೆ. ಆದರೆ ಹೊರಮೈ ಬೇರೆ. ಬಾಗಿಲು, ಗಾಜು, ಬಂಪರ್, ದೀಪ ಒಡೆದರೆ ಹೊಸ ಮಾದರಿಯದನ್ನು ತಂದು ಕೂರಿಸಲಾಗದು. ಎಂಜಿನ್ ಗಟ್ಟಿ ಇದ್ದರೂ ಒಂದು ಗಾಜು ಸಿಗದೆ ಮೂಲೆ ಸೇರುವಂಥ ಕಾರು ಇದು.

ಇನ್ನೊಂದು ಬಗೆಯ ಅಪರೂಪ ಇದೆ. ಅದು ಜನ ಕೊಳ್ಳದೇ ಇದ್ದದ್ದರಿಂದ ಆದದ್ದು. 2000ದ ಸುಮಾರಿಗೆ 800ಕ್ಕೆ ಐದು ಗೇರು, ಹೆಚ್ಚು ಶಕ್ತಿಯ ಎಂಪಿಎಫ್‌ಐ ಎಂಜಿನ್ ಹಾಕಿ ಒಂದು ಮಾದರಿ ಬಿಟ್ಟರು. ಓಡಿಸಲು ಚಂದ. ಆದರೆ ಅದೇ ಹೊತ್ತಿಗೆ ಅದೇ ಶೋರೂಮಿಗೆ ಆಲ್ಟೊ ಬಂತು, ಅದೇ ಬಗೆಯ ಎಂಜಿನ್ ಹೊತ್ತು. ಇನ್ನಷ್ಟು ರೊಕ್ಕ ಸೇರಿಸಿದರೆ ಹೊಸ ಕಾರೇ ಬರುತ್ತದಲ್ಲ ಅಂದರು ಜನ. ಅಗ್ಗದ್ದು ಬೇಕಾದವರು ನಾಲ್ಕು ಗೇರಿನದನ್ನೇ ಒಯ್ದರು.

ಮೂರನೆಯ ಬಗೆಯಲ್ಲಿ ನಮ್ಮ ಜಿಲ್ಲೆಯವರು ಬೆಂಗಳೂರಿನವರಿಗಿಂತ ಮುಂದೆ! 2010ರ ಏಪ್ರಿಲ್‌ನಲ್ಲಿ ದೇಶದ 13 ನಗರಗಳಿಗೆ ಹೊಗೆಯ ಹೊಸ ನಿಯಮ, ಭಾರತ್ ಸ್ಟೇಜ್ 4, ಬಂತು. 800 ಅದಕ್ಕೆ ಹೊಂದಲಿಲ್ಲ. ಬೆಂಗಳೂರಲ್ಲಿ ಹೊಸ 800 ಮಾರಾಟ ಬಂದ್. ಹಾವೇರಿಯಂಥ ಊರುಗಳಿಗೆ ಆ ನಿಯಮ ಆಗ ಇರಲಿಲ್ಲ. ಹಾಗಾಗಿ ಕೊನೆಕೊನೆಯ 800ಗಳನ್ನು ಹುಡುಕುವವರು ರಾಜಧಾನಿಯ ನಂಬರ್‌ಗಿಂತ ಕೆಎ-27ರಂಥ ನಂಬರ್‌ಗಳ ಕಡೆ ನೋಡುವುದು ಒಳ್ಳೆಯದು.

ಇಲ್ಲೇ ಇನ್ನೊಂದು ಮಾತು. ಹಾವೇರಿ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮುಂಚೆ ನಾವು ಧಾರವಾಡದವರು. ನಿಮ್ಮ 1985ರ ಕಾರು ಇಲ್ಲೇ ಕೊಂಡದ್ದಾದರೆ ಅದರ ಮೇಲೆ ಕೆಎ ಅಕ್ಷರ ಬರುವುದಕ್ಕೂ ಹಿಂದಿನ ನಂಬರ್ ಇರಬೇಕು. ಆ ಹಳೇ ನಂಬರ್ ಪ್ಲೇಟು, ಆರ್.ಸಿ., ಚಾಸಿ ನಂಬರ್ ಮೂರೂ ತಾಳೆಯಾದರೆ ಕಾರಿನ ಕಥೆಗೆ ಸಾಕ್ಷಿ ಸಿಕ್ಕಂತೆ. ಕಾಗದ ಇಲ್ಲದ ಅಪರೂಪದ ಕಾರು ತಗಡೇ ಸರಿ.

ಮಗನಿಗೆ ಬಣ್ಣ ಬ್ಯಾಡ ಅಂದದ್ದೂ ಇದಕ್ಕೇ. ಸಾದಾ ಮಾದರಿ ಬಹಳ ಮಾರಾಟವಾದರೂ ಡ್ರೈವಿಂಗ್ ಸ್ಕೂಲಿನಲ್ಲಿ ಸವೆದು, ಗ್ಯಾಸ್ ಕಿಟ್ ಹಾಕಿಸಿಕೊಂಡು, ಸೀಟು ಸ್ಟೀರಿಂಗು ಬದಲಾಗಿ ಮೂಲರೂಪ ಕಳೆದುಕೊಂಡಿತು. ಕಂಪನಿಯಿಂದ ಹೆಂಗ ಬಂದಿತ್ತೋ ಹಂಗೇ ಇರುವ ಕಾರಿಗೆ ಹುಡುಕುವವರಲ್ಲಿ ಮರ್ಯಾದೆ. ಕಿತ್ತ ಹಳೇ ಸಾಮಾನನ್ನೂ ಎಸೆಯಬ್ಯಾಡ್ರಿ, ಚೀಲದಾಗ ಕಟ್ಟಿಡ್ರಿ.

ಆದರೆ ಆಸೆ ಹುಟ್ಟಿಸಿ ಕೈಬಿಡುವುದು ಸರಿಯಲ್ಲ. ಅಪರೂಪ ಅಂದಾಕ್ಷಣ ಲಕ್ಷಗಟ್ಟಲೆ ಬೆಲೆ ಅಂತಲ್ಲ. ಕೇಂದ್ರದ 2021ರ ನಿಯಮದಲ್ಲಿ 50 ವರ್ಷ ದಾಟಿದ ವಾಹನಕ್ಕೆ ಮಾತ್ರ ವಿಂಟೇಜ್ ನೋಂದಣಿ. ಅತಿ ಹಳೇ ಮಾರುತಿಗೂ ಅದು 2033ಕ್ಕೆ. ಅಲ್ಲಿವರೆಗೆ ಸಾಮಾನ್ಯ ನವೀಕರಣವೇ ಗತಿ. 20 ವರ್ಷ ಮೀರಿದ ಕಾರಿಗೆ ಆ ಶುಲ್ಕವನ್ನು 2025ರಲ್ಲಿ 10,000 ರೂಪಾಯಿಗೆ ಏರಿಸಿದ್ದಾರೆ. ಕಾರುಗಳು ಗುಜರಿ ಸೇರಿ ಇನ್ನಷ್ಟು ಅಪರೂಪ ಆಗಲು ಈ ಖರ್ಚೂ ಒಂದು ದಾರಿ.

ಹಾಗಾಗಿ ಮೊದಲು ಆರ್.ಸಿ.ಯನ್ನು ವಾರಸುದಾರರ ಹೆಸರಿಗೆ ಮಾಡಿಸಿರಿ. ಅದಕ್ಕೆ ಆರ್.ಟಿ.ಒ. ಕಚೇರಿಯಲ್ಲಿ ಫಾರಂ 31 ಇದೆ. ಆಮೇಲೆ ಕಾರನ್ನು ಎತ್ತಿಸಿ ತಳಭಾಗ ನೋಡಿಸಿರಿ. ತಗಡು ತುಕ್ಕು ತಿಂದು ತೂತು ಬಿದ್ದಿದ್ದರೆ ದುರಸ್ತಿ ಖರ್ಚು ಕೇಳಿ ಆಮೇಲೆ ತೀರ್ಮಾನಿಸಿರಿ. ಗಟ್ಟಿ ಇದ್ದರೆ ಟ್ಯಾಂಕಿನ ಹಳೇ ಪೆಟ್ರೋಲ್ ತೆಗೆಸಿ, ಶೆಡ್ಡಿನೊಳಗೆ ನಿಲ್ಲಿಸಿರಿ. ಇಟ್ಟುಕೊಳ್ಳಲು ಆಗದಿದ್ದರೂ ತೂಕಕ್ಕೆ ಮಾರಬೇಡಿ, ಉಳಿಸಿಕೊಳ್ಳುವವರಿಗೆ ಮಾರಿರಿ. ಹರ್ಪಾಲ್ ಸಿಂಗರ ಕಾರೂ 2010ರಲ್ಲಿ ಅವರು ತೀರಿಕೊಂಡ ಮೇಲೆ ಮನೆ ಮುಂದೆ ತುಕ್ಕು ಹಿಡಿಯುತ್ತಾ ನಿಂತಿತ್ತು. ಆಮೇಲೆ ದುರಸ್ತಿಯಾಗಿ ಕಂಪನಿಯ ಮುಖ್ಯ ಕಚೇರಿ ಸೇರಿತು.

ಹಾವೇರಿ, ಬ್ಯಾಡಗಿ ಕಡೆ ಯಾರಲ್ಲಾದರೂ ಐದು ಗೇರಿನ 800 ಅಥವಾ 2010ರ ನಂತರದ 800 ಇದ್ದರೆ ಬರೀರಿ. ಕಾರಿನ ಜೊತೆ ಆರ್.ಸಿ.ಯ ಇಸವಿಯನ್ನೂ ತಿಳಿಸಿರಿ.