ಕರಿಮರದ ಬೆಲೆ ಯಾರಿಗೆ ಸಲ್ಲಬೇಕು?

ಮರವೆಂದರೆ ನೀರಿನಲ್ಲಿ ತೇಲುವ ವಸ್ತುವೆಂದೇ ನಮ್ಮೆಲ್ಲರ ಎಣಿಕೆ. ಆದರೆ ಪೂರ್ವ ಆಫ್ರಿಕದ ಕರಿಮರದ ಚೇಗನ್ನು ನೀರಿಗೆ ಹಾಕಿದರೆ ಅದು ಕಲ್ಲಿನಂತೆ ಮುಳುಗುತ್ತದೆ. ಒಂದು ಘನಮೀಟರ್ ನೀರಿನ ತೂಕ 1,000 ಕಿಲೋಗ್ರಾಂ. ಅಷ್ಟೇ ಗಾತ್ರದ ಈ ಚೇಗಿನ ತೂಕ ಸುಮಾರು 1,200 ಕಿಲೋಗ್ರಾಂ ಅಥವಾ ಅದಕ್ಕೂ ಮಿಗಿಲು. ಸ್ವಾಹಿಲಿ ಭಾಷೆಯಲ್ಲಿ ಇದಕ್ಕೆ ‘ಎಂಪಿಂಗೊ’ ಎಂದು ಹೆಸರು. ಸಸ್ಯಶಾಸ್ತ್ರದಲ್ಲಿ ಡಾಲ್ಬರ್ಜಿಯ ಮೆಲನಾಕ್ಸಿಲಾನ್. ನಮ್ಮ ಮಲೆನಾಡಿನ ಬೀಟೆಯೂ ಇದೇ ಕುಲದ್ದು.

ಟಾಂಜಾನಿಯ ಮತ್ತು ಮೊಜಾಂಬಿಕ್‌ಗಳ ಮಕೊಂಡೆ ಶಿಲ್ಪಿಗಳು ಈ ಮರದಲ್ಲಿ ಕಡೆಯುವ ವಿಗ್ರಹಗಳು ಜಗತ್ಪ್ರಸಿದ್ಧವಾಗಿವೆ. ಉತ್ತಮ ದರ್ಜೆಯ ಕ್ಲಾರಿನೆಟ್, ಓಬೊ ವಾದ್ಯಗಳಿಗೂ ಇದೇ ಬೇಕು. ಮರವೇ ಮಿಡಿದು ನಾದವನ್ನು ಹುಟ್ಟಿಸುತ್ತದೆಂಬ ನಂಬಿಕೆಯುಂಟು. ವಾಸ್ತವದಲ್ಲಿ ನಾದವನ್ನು ನಿರ್ಧರಿಸುವುದು ಮುಖ್ಯವಾಗಿ ಕೊಳವೆಯೊಳಗಿನ ಗಾಳಿಯ ಕಂಬ. ಆ ಕೊಳವೆಯ ಅಳತೆ ಕೂದಲೆಳೆಯಷ್ಟೂ ಕೆಡಬಾರದು. ಕರಿಮರ ಲೋಹದಂತೆ ನಯವಾಗಿ ಕಡೆಯಲು ಒದಗುತ್ತದೆ. ತನ್ನಲ್ಲಿರುವ ಎಣ್ಣೆಯ ಅಂಶದಿಂದ ಉಸಿರಿನ ತೇವವನ್ನು ತಡೆಯುತ್ತದೆ. ಅದರ ಹಿರಿಮೆ ಇಲ್ಲಿದೆ.

ಆದರೆ ಈ ಮರ ಬಳಕೆಗೆ ತಕ್ಕಷ್ಟು ದಪ್ಪವಾಗಲು 70 ವರ್ಷಗಳಿಗೂ ಹೆಚ್ಚು ಕಾಲ ಬೇಕು. ಸೊಟ್ಟ ಕಾಂಡ, ಬಿರುಕು, ಗಂಟುಗಳ ದೆಸೆಯಿಂದ ಕಡಿದ ಮರದ ಬಹುಪಾಲು ವಾದ್ಯಕ್ಕೆ ಒದಗದೆ ಹೋಗುತ್ತದೆ. ಅಂತರರಾಷ್ಟ್ರೀಯ ಒಪ್ಪಂದದಂತೆ 2017ರಿಂದ ಇದರ ವಿದೇಶ ವ್ಯಾಪಾರಕ್ಕೆ ಪರವಾನಗಿ ಬೇಕಾಯಿತು. ಸಿದ್ಧವಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ದೊರೆಯಿತು.

ಹಾಗಾದರೆ ಕಡಿಯುವುದನ್ನೇ ನಿಷೇಧಿಸಬಾರದೇಕೆ ಎಂದು ಕೆಲವರು ಕೇಳಬಹುದು. ನಾವು ಆ ಮಾತನ್ನು ಒಪ್ಪಲಾರೆವು. ಕಾಡಿನಿಂದ ಕವಡೆಯೂ ದೊರೆಯದ ಹಳ್ಳಿಗನಿಗೆ ಅದನ್ನು ಸವರಿ ಹೊಲ ಮಾಡುವುದೇ ಲಾಭವಾಗಿ ಕಾಣುತ್ತದೆ. ಹಸಿದವನಿಗೆ 70 ವರ್ಷಗಳ ತಾಳ್ಮೆಯನ್ನು ಬರಿಯ ಕಾನೂನು ಕಲಿಸಲಾರದು. ಟಾಂಜಾನಿಯದ ಕಿಲ್ವಾ ಜಿಲ್ಲೆಯ ಹಳ್ಳಿಗಳು ಬೇರೆ ದಾರಿಯನ್ನು ತೋರಿಸಿವೆ. ಅಲ್ಲಿ ಗ್ರಾಮಸ್ಥರೇ ಕಾಡನ್ನು ಕಾಯುತ್ತಾರೆ; ಮಿತವರಿತು ಕಡಿದು ಮಾರುತ್ತಾರೆ; ಬಂದ ಹಣ ಊರಿನ ಕೆಲಸಕ್ಕೆ ಸಲ್ಲುತ್ತದೆ. ಕಾಡಿನ ಈ ಸುವ್ಯವಸ್ಥೆಗೆ 2009ರಲ್ಲಿ ಅಂತರರಾಷ್ಟ್ರೀಯ ಪ್ರಮಾಣಪತ್ರವೂ ದೊರೆಯಿತು.

ವಾದ್ಯ ತಯಾರಕರ ಹೊಣೆಯೂ ಕಡಿಮೆಯದಲ್ಲ. ಕರಿಮರದ ಪುಡಿಗೆ ಇಂಗಾಲದ ಎಳೆಯನ್ನೂ ರಾಳವನ್ನೂ ಬೆರೆಸಿ ಕ್ಲಾರಿನೆಟ್ ಮಾಡುವ ವಿಧಾನ ಈಗಾಗಲೇ ಬಳಕೆಯಲ್ಲಿದೆ. ನಾದ ಗಾಳಿಯ ಕಂಬದ್ದಾದ ಮೇಲೆ ಇಂಥ ವಾದ್ಯವನ್ನು ಕೀಳೆಂದು ಬಗೆಯುವುದು ವೈಜ್ಞಾನಿಕ ದೃಷ್ಟಿಯಲ್ಲ. ವ್ಯರ್ಥವಾಗುವುದನ್ನು ಬಳಸಬೇಕು, ಕಡಿಯಲೇಬೇಕಾದ ಮರಕ್ಕೆ ನ್ಯಾಯವಾದ ಬೆಲೆಯನ್ನು ಕಾಯ್ದವನ ಕೈಗೇ ಕೊಡಬೇಕು. ಮರವನ್ನು ಉಳಿಸುವವನು ಅದರ ನೆರಳಿನಲ್ಲಿ ಬಾಳುವವನೇ ಎಂಬುದನ್ನು, ಬೀಟೆಯ ನಾಡಿನವರಾದ ನಾವೂ ಮರೆಯಬಾರದು.