ಮೊದಲು ಮೂಲೆ, ಆಮೇಲೆ ಅಂಗಡಿ

ನನ್ನ ಹಳೆಯ ವಿದ್ಯಾರ್ಥಿಗಳ ಮನೆಗಳಿಗೆ ಹೋದಾಗ ಹಜಾರದ ಟಿವಿಯ ಆಸುಪಾಸಿನಲ್ಲಿ ಒಂದು ಕಪ್ಪು ಪೆಟ್ಟಿಗೆ ಕಾಣುತ್ತದೆ. ಮಂದ್ರ ಧ್ವನಿಗೆಂದೇ ಇರುವ ಸಬ್‌ವೂಫರ್ ಅದು. ಕೊಂಡು ವರ್ಷ ಕಳೆಯುವುದರೊಳಗೆ "ಬೇಸ್ ಸಾಲದು ಸಾರ್, ಇನ್ನೂ ದೊಡ್ಡದು ತರಬೇಕು" ಎಂಬ ಮಾತು ಬರುತ್ತದೆ. ಅಂಗಡಿಗೆ ಹೊರಡುವ ಮುನ್ನ ಇರುವ ಪೆಟ್ಟಿಗೆಯನ್ನೇ ಗೋಡೆಯ ಬಳಿಗೆ, ಸಾಧ್ಯವಾದರೆ ಮೂಲೆಗೆ, ಸರಿಸಿ ಕೇಳಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಇದಕ್ಕೆ ಕಾಸಿನ ಖರ್ಚಿಲ್ಲ. ಆದ್ದರಿಂದಲೇ ಅಂಗಡಿಯವರು ಇದನ್ನು ಹೇಳುವುದು ಅಪರೂಪ!

ಕರಿಹಲಗೆಯ ಮೇಲೆ ಬರೆದ ಸೂತ್ರವನ್ನು ನೆನಪಿಸಿಕೊಳ್ಳಿ: ವೇಗವೆಂದರೆ ಆವೃತ್ತಿ ಮತ್ತು ತರಂಗದೂರಗಳ ಗುಣಲಬ್ಧ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 343 ಮೀಟರ್. ಅಂದಮೇಲೆ 50 ಹರ್ಟ್ಸ್ ಧ್ವನಿಯ ಒಂದು ಅಲೆ ಸುಮಾರು 7 ಮೀಟರ್ ಉದ್ದ, ಎಷ್ಟೋ ಹಜಾರಗಳಿಗಿಂತ ದೊಡ್ಡದು. ಇಂಥ ಅಲೆ ಟಾರ್ಚಿನ ಬೆಳಕಿನಂತೆ ಒಂದೇ ದಿಕ್ಕಿಗೆ ಹೋಗದೆ ದೀಪದ ಬೆಳಕಿನಂತೆ ಸುತ್ತಲೂ ಹರಡುತ್ತದೆ. ಪೆಟ್ಟಿಗೆ ಗೋಡೆಯ ಪಕ್ಕದಲ್ಲೇ ಇದ್ದರೆ ಹಿಂದಕ್ಕೆ ಹೋದ ಅಲೆ ಪ್ರತಿಫಲಿಸಿ, ಮುಂದಕ್ಕೆ ಹೊರಟ ಅಲೆಯೊಡನೆ ಉಬ್ಬಿಗೆ ಉಬ್ಬಾಗಿ ಕೂಡಿಕೊಳ್ಳುತ್ತದೆ. ಗಟ್ಟಿ ಗೋಡೆಯೊಂದರಿಂದ ಲೆಕ್ಕದ ಪ್ರಕಾರ 6 ಡೆಸಿಬೆಲ್‌ವರೆಗೆ ಲಾಭ. ನಿಜವಾದ ಕೋಣೆಯಲ್ಲಿ ಕೊಂಚ ಕಡಿಮೆ. ಮೂಲೆಯಲ್ಲಿ ಎರಡು ಗೋಡೆಗಳೂ ನೆಲವೂ ಸೇರಿ ಈ ಕೆಲಸ ಮಾಡುತ್ತವೆ.

ಅದೇ ಪೆಟ್ಟಿಗೆಯನ್ನು ಗೋಡೆಯಿಂದ 1.75 ಮೀಟರ್ ದೂರವಿಟ್ಟರೆ ಅಲೆ ಹೋಗಿ ಬರುವ ಹಾದಿ 3.5 ಮೀಟರ್, ಅಂದರೆ ಅರ್ಧ ತರಂಗದೂರ. ಆಗ ಉಬ್ಬಿಗೆ ತಗ್ಗು ಎದುರಾಗಿ 50 ಹರ್ಟ್ಸ್ ಸುತ್ತಲಿನ ಸ್ವರಗಳು ಸೊರಗುತ್ತವೆ. ಅಂದಕ್ಕೆಂದು ನಡುಮನೆಯಲ್ಲಿಟ್ಟ ಪೆಟ್ಟಿಗೆಯ ಗತಿ ಹಲವು ಕಡೆ ಇದೇ.

ಇದು ಹೊಸ ವಿಚಾರವೇನಲ್ಲ. ಅಮೆರಿಕದ ಪಾಲ್ ಕ್ಲಿಪ್ಷ್ 1940ರ ದಶಕದಲ್ಲಿ ರೂಪಿಸಿದ ಕ್ಲಿಪ್ಷ್‌ಹಾರ್ನ್ ಎಂಬ ಧ್ವನಿವರ್ಧಕ ಮೂಲೆಯಲ್ಲಿ ನಿಲ್ಲಲೆಂದೇ ಹುಟ್ಟಿದ್ದು. ಕೋಣೆಯ ಗೋಡೆಗಳೇ ಅದರ ಕಹಳೆಯ ಮುಂದುವರಿಕೆ.

ಮೂಲೆಯಲ್ಲಿಟ್ಟರೆ ಧ್ವನಿ ಗುಂಯ್‌ಗುಡುತ್ತದೆ ಎಂಬ ಆಕ್ಷೇಪವನ್ನು ನಾನು ತಳ್ಳಿಹಾಕುವುದಿಲ್ಲ. ಪ್ರತಿ ಕೋಣೆಗೂ ತನ್ನದೇ ಅನುರಣನೆಯ ಆವೃತ್ತಿಗಳಿರುತ್ತವೆ. 5 ಮೀಟರ್ ಉದ್ದದ ಕೋಣೆಯಲ್ಲಿ ಮೊದಲನೆಯದು ಸುಮಾರು 34 ಹರ್ಟ್ಸ್. ಮೂಲೆಯ ಪೆಟ್ಟಿಗೆ ಇವೆಲ್ಲವನ್ನೂ ಒಟ್ಟಿಗೆ ಕೆರಳಿಸುತ್ತದೆ. ಸಿನಿಮಾದ ಸ್ಫೋಟಕ್ಕೆ ಇದು ನಡೆದೀತು. ಮೃದಂಗದ ಎಡಭಾಗದ ಬಗೆಬಗೆಯ ಪೆಟ್ಟುಗಳೆಲ್ಲ ಒಂದೇ "ಗುಂ" ಆಗಿಬಿಟ್ಟರೆ ಸಂಗೀತಪ್ರಿಯರಿಗೆ ಅದಕ್ಕಿಂತ ದುಃಖವುಂಟೆ? ಹಾಗಾದಾಗ ಪೆಟ್ಟಿಗೆಯನ್ನು ಗೋಡೆಯ ಗುಂಟವೇ ಅರ್ಧರ್ಧ ಅಡಿ ಸರಿಸುತ್ತ ಬನ್ನಿ. ಇನ್ನೊಂದು ಉಪಾಯವೂ ಇದೆ. ಪೆಟ್ಟಿಗೆಯನ್ನು ನೀವು ಕೂರುವ ಸೋಫಾದ ಮೇಲಿಟ್ಟು, ಪರಿಚಿತ ಸಂಗೀತ ಹಾಕಿ, ಗೋಡೆಯ ಬದಿಯಲ್ಲಿ ಬಗ್ಗಿಕೊಂಡು ಕೇಳುತ್ತ ಸಾಗಿ. ಎಲ್ಲಿ ಸ್ವರಗಳು ಸಮನಾಗಿ ಕೇಳುತ್ತವೆಯೋ ಅಲ್ಲಿ ಪೆಟ್ಟಿಗೆಯನ್ನಿಡಿ. ಶಬ್ದದ ಮೂಲವೂ ಕಿವಿಯೂ ಸ್ಥಾನ ಬದಲಿಸಿಕೊಂಡರೆ ಫಲಿತಾಂಶ ಬದಲಾಗದೆಂಬುದೇ ಇದರ ತತ್ತ್ವ. ಮೊಮ್ಮಕ್ಕಳು ನಕ್ಕರೆ ನಗಲಿ.

ಇಷ್ಟು ಹೇಳಿದ ಮೇಲೆ, ನನಗೆ ಹೆಚ್ಚು ಮುಖ್ಯವೆನಿಸುವ ಮಾತು. ಮೂಲೆ ಕೊಟ್ಟ ಲಾಭವನ್ನು ಅಬ್ಬರಕ್ಕೆ ಬಳಸದೆ, ವಾಲ್ಯೂಮ್ ಗುಂಡಿಯನ್ನು ಅಷ್ಟು ತಗ್ಗಿಸಿ. 6 ಡೆಸಿಬೆಲ್ ಸಿಕ್ಕಿದರೆ ಮೊದಲಿನಷ್ಟೇ ಧ್ವನಿಗೆ ಕಾಲು ಭಾಗ ಶಕ್ತಿ ಸಾಕು. ಯಂತ್ರವೂ ಏದುಸಿರು ಬಿಡದು. ಮಂದ್ರ ಧ್ವನಿಯನ್ನು ಬಾಗಿಲು ಕಿಟಕಿಗಳು ತಡೆಯಲಾರವು. ಅಪಾರ್ಟ್‌ಮೆಂಟಿನಲ್ಲಿ ನಿಮ್ಮ ಮೂಲೆಯ ಆಚೆ ಬದಿ ಯಾರದೋ ಮಂಚವಿರಬಹುದು, ಪರೀಕ್ಷೆಗೆ ಓದುವ ಮಗುವಿನ ಮೇಜಿರಬಹುದು. ಪಕ್ಕದ ಮನೆಗೆ ಅಂಟಿದ ಗೋಡೆಯನ್ನು ಬಿಟ್ಟು, ಹೊರಗೋಡೆಯ ಮೂಲೆಯನ್ನು ಆರಿಸಿಕೊಳ್ಳಿ. ಅಂಥ ಮೂಲೆ ಇಲ್ಲದಿದ್ದರೆ ರಾತ್ರಿ ಊಟವಾದ ಮೇಲೆ ಸಬ್‌ವೂಫರ್ ಆರಿಸಿಬಿಡಿ. ಉಳಿದ ಸ್ಪೀಕರುಗಳಲ್ಲಿ ವಾರ್ತೆಯೂ ಹಾಡೂ ಕೇಳುತ್ತವೆ.

ಮರೆಯುವ ಮುನ್ನ: ಪೆಟ್ಟಿಗೆಯ ಹಿಂಬದಿಯಲ್ಲಿ ಗಾಳಿಯ ರಂಧ್ರವಿದ್ದರೆ ಅದನ್ನು ಗೋಡೆಗೆ ಒತ್ತಿಡಬೇಡಿ. ಒಂದು ಗೇಣು ಜಾಗ ಬಿಡಿ.