ಕಾಲಿಗೂ ಬೈಪಾಸ್ ಇದೆ, ಕಾರ್ಡ್ ಕೂಡ ಇದೆ. ತಡ ಆಗ್ತಿರೋದು ಎಲ್ಲಿ?

ಬೈಪಾಸ್ ಅಂದರೆ ತಾಲ್ಲೂಕಿನ ಜನರಿಗೆ ನೆನಪಾಗೋದು ಹೃದಯ, ಇಲ್ಲವೇ ಊರ ಹೊರಗಿನ ರಸ್ತೆ. ಕಾಲಿಗೂ ಬೈಪಾಸ್ ಮಾಡ್ತಾರೆ ಅನ್ನೋದು ಎಷ್ಟೋ ಮನೆಗಳಿಗೆ ಗೊತ್ತಾಗೋದು ಬೆರಳು ಕಪ್ಪಾದ ಮೇಲೆ.

ಕಾಲಿಗೆ ರಕ್ತ ಹೋಗುವುದು ಹೊಟ್ಟೆಯೊಳಗಿನ ದೊಡ್ಡ ರಕ್ತನಾಳ ಎರಡಾಗಿ ಕವಲೊಡೆದು. ಅಲ್ಲಿ ಕಟ್ಟಿಕೊಂಡರೆ ಸಾಮಾನ್ಯವಾಗಿ ಮೊದಲು ಸ್ಟೆಂಟ್ ಆಗುತ್ತದೆಯೇ ನೋಡುತ್ತಾರೆ. ಆಗದಿದ್ದರೆ ಹೊಟ್ಟೆ ಕೊಯ್ದು ಕೃತಕ ನಾಳ ಜೋಡಿಸುತ್ತಾರೆ. ಹೃದಯ, ಶ್ವಾಸಕೋಶ ದುರ್ಬಲವಾದವರು ಇಷ್ಟು ದೊಡ್ಡ ಆಪರೇಷನ್ ತಡೆಯೋದು ಕಷ್ಟ. ಅಂಥವರಿಗೆ ಸುತ್ತುದಾರಿ ಇದೆ. ಒಂದು ಕಾಲಿನ ನಾಳ ಚೆನ್ನಾಗಿದ್ದರೆ ಅದರ ತೊಡೆಸಂದಿಯಿಂದ ಇನ್ನೊಂದು ಕಾಲಿಗೆ ಚರ್ಮದಡಿ ನಾಳ ಹಾಯಿಸುತ್ತಾರೆ. ಎರಡೂ ಕಡೆ ಕಟ್ಟಿದ್ದರೆ ಭುಜದ ಹತ್ತಿರದ ನಾಳದಿಂದ ಪಕ್ಕೆಗುಂಟ ತೊಡೆಗೆ ಇಳಿಸುತ್ತಾರೆ. ಹೊಟ್ಟೆ ತೆರೆಯುವ ಪ್ರಮೇಯವೇ ಇಲ್ಲ. 1960ರ ದಶಕದಿಂದ ಇರುವ ವಿಧಾನ ಇದು, ಹೊಸ ಪವಾಡವೇನಲ್ಲ. ಭುಜದಿಂದ ತಂದ ನಾಳ ಹೊಟ್ಟೆಯೊಳಗಿನ ಬೈಪಾಸ್‌ನಷ್ಟು ಬಾಳಿಕೆ ಬರುವುದಿಲ್ಲ. ಬೀಡಿ, ಸಿಗರೇಟ್ ಬಿಡದಿದ್ದರೆ ಮತ್ತೆ ಕಟ್ಟಿಕೊಳ್ಳುವ ಅಪಾಯ ಇನ್ನೂ ಹೆಚ್ಚು.

ದುಡ್ಡಿನ ವಿಚಾರಕ್ಕೆ ಬಂದರೆ, ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆ. ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ 30 ಮಾತ್ರ, ಗರಿಷ್ಠ 1.5 ಲಕ್ಷ ರೂ. ಎಪಿಎಲ್ ಕಾರ್ಡಿನ ಅಂಗಡಿಯವರಿಗೆ ಉಳಿದದ್ದು ಕೈಯಿಂದಲೇ. ತುರ್ತು ಅಲ್ಲದಿದ್ದರೆ ಖಾಸಗಿ ಆಸ್ಪತ್ರೆಗೆ ಹೋಗಲು ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು.

ತೊಡಕು ಇರೋದೇ ಇಲ್ಲಿ. ಚೀಟಿ ಬರೆಯಲು ಮೊದಲು ರೋಗ ಗುರುತಾಗಬೇಕಲ್ಲ! ‘ಸ್ವಲ್ಪ ನಡೆದರೆ ಮೀನಖಂಡ ಹಿಡ್ಕೊಳ್ಳುತ್ತೆ, ನಿಂತರೆ ಬಿಡುತ್ತೆ’ ಅಂದವರನ್ನು ವಯಸ್ಸು, ವಾಯು ಎಂದು ನೋವಿನ ಮಾತ್ರೆ ಕೊಟ್ಟು ಕಳಿಸಿದರೆ ಕಾರ್ಡ್ ಇದ್ದೂ ಉಪಯೋಗವಿಲ್ಲ. ಪಾದದ ನಾಡಿ ಮುಟ್ಟಿ ನೋಡಲು ಒಂದು ನಿಮಿಷ ಸಾಕು. ಕಾಲಿನ ಬಿಪಿಯನ್ನು ತೋಳಿನ ಬಿಪಿಯಿಂದ ಭಾಗಿಸುವ ಪರೀಕ್ಷೆಗೆ ಬೇಕಾಗುವುದು ಬಿಪಿ ಪಟ್ಟಿ ಮತ್ತು ಕೈಯಲ್ಲಿ ಹಿಡಿಯುವ ಡಾಪ್ಲರ್. ಉತ್ತರ 0.9 ಅಥವಾ ಅದಕ್ಕಿಂತ ಕಡಿಮೆ ಬಂದರೆ ನಾಳ ಕಿರಿದಾಗಿದೆ ಎಂದರ್ಥ. ಹಳೇ ಸಕ್ಕರೆ ಕಾಯಿಲೆಯವರಲ್ಲಿ ಈ ಲೆಕ್ಕ ತಪ್ಪಬಹುದು, ಅವರಿಗೆ ಸ್ಕ್ಯಾನ್ ಬೇಕಾಗುತ್ತದೆ. ತಾಲ್ಲೂಕು ಆಸ್ಪತ್ರೆಗೆ ರಕ್ತನಾಳ ತಜ್ಞರನ್ನು ಕೇಳುವ ಮೊದಲು, ಸಕ್ಕರೆ–ಬಿಪಿ ಮಾತ್ರೆಗೆ ಬರುವವರ ಚಪ್ಪಲಿ ಬಿಚ್ಚಿಸಿ ಪಾದ ನೋಡುವ ಪದ್ಧತಿ ಕೇಳಬೇಕು. ಬೇಗ ಗೊತ್ತಾದರೆ ಹೆಚ್ಚಿನವರಿಗೆ ಆಪರೇಷನ್ನೇ ಬೇಕಿಲ್ಲ. ತಂಬಾಕು ಬಿಟ್ಟು, ಮಾತ್ರೆ ತಗೊಂಡು, ದಿನಾ ನಡೆದರೆ ಸುಧಾರಿಸುತ್ತದೆ.

ರಾತ್ರಿ ಮಲಗಿದಾಗಲೂ ಪಾದ ನೋಯುತ್ತಿದ್ದರೆ, ಗಾಯ ಎರಡು ವಾರವಾದರೂ ಮಾಯದಿದ್ದರೆ ಕಾಯಬಾರದು. ಕಾಲು ಇದ್ದಕ್ಕಿದ್ದಂತೆ ತಣ್ಣಗಾಗಿ ಬಿಳಿಚಿಕೊಂಡರೆ ಉಳಿಸಿಕೊಳ್ಳಲು ಸಿಗುವುದು ಸುಮಾರು 6 ಗಂಟೆ. ಬೆಳಗಿನ ಬಸ್ಸಿಗೆ ಕಾಯದೆ ಆಗಲೇ 108ಕ್ಕೆ ಫೋನ್ ಮಾಡಬೇಕು.